ಅನ್‌ಲಾಕ್ ಫೋನು ಮತ್ತು ಅಳಿಯನ ಜವಳ

ನನ್ನ ತಂಗಿಯ ಮಗನ ಜವಳಕ್ಕೆ ನಾನು ಬರುವುದಿಲ್ಲ ಎಂದು ಲಕ್ಷ್ಮೇಶ್ವರದಲ್ಲಿ ತೀರ್ಮಾನವಾದ ಹೊತ್ತಿನಲ್ಲಿ ನಾನು ಬೆಟಗೇರಿಯ ಒಂದು ಅಂಗಡಿಯ ಮುಂದೆ ನಿಂತು ಮಿರ್ಚಿ ತಿನ್ನುತ್ತಿದ್ದೆ. ಜವಳ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮಿರ್ಚಿ ಚೆನ್ನಾಗಿತ್ತು, ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದೆ. ಆ ಫೋಟೊ ಆಮೇಲೆ ನನ್ನ ವಿರುದ್ಧ ಸಾಕ್ಷಿಯಾಯಿತು.

ಜವಳ ಎಂದರೆ ಮಗುವಿನ ಮೊದಲ ಕೂದಲು ತೆಗೆಸುವ ಕಾರ್ಯ. ನಮ್ಮ ಕಡೆ ಆಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಮೊದಲ ಎಳೆಗೆ ಕತ್ತರಿ ಹಾಕುವವನೂ ಅವನೇ. ನನ್ನ ತಂಗಿಗೆ ಒಡಹುಟ್ಟಿದವನು ನಾನೊಬ್ಬನೇ. ಅವಳು ಬಸುರಿಯಿದ್ದಾಗಲೇ, "ಗಂಡರ ಆಗ್ಲಿ ಹೆಣ್ಣರ ಆಗ್ಲಿ, ಜವಳಕ್ಕ ನಿನ್ನ ತೊಡಿ ಮ್ಯಾಲೇ ಕುಂದ್ರಸಾಕಿ ಅದೀನಿ, ಈಗ ಹೇಳಿರ್ತೀನಿ" ಎಂದಿದ್ದಳು. ಹುಡುಗನಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಕೂದಲು ಕಣ್ಣಿನ ಮೇಲೆ ಬಂದು, ಅವನನ್ನು ನೋಡಿದಾಗಲೆಲ್ಲ ಆ ಮಾತು ನೆನಪಾಗುತ್ತಿತ್ತು.

ಆದರೆ ಕಾರ್ಯ ಅವಳ ಗಂಡನ ಮನೆಯದು. ಕರೆಯುವ ಹಕ್ಕು ಅವಳ ಮಾವನವರದು. ಕರೆಯುವುದೆಂದರೆ ಬಾಯಿಂದಲೇ ಕರೆಯಬೇಕು. ಎದುರು ನಿಂತು ಕರೆಯಬಹುದು, ದೂರವಿದ್ದರೆ ಫೋನು ಮಾಡಿ ಕರೆಯಬಹುದು. ಮೆಸೇಜ್ ಕಳಿಸಿದರೆ ಅದು ತಿಳಿಸಿದಂತಾಯಿತೇ ಹೊರತು ಕರೆದಂತಾಗುವುದಿಲ್ಲ. ಬೀಗರಿಗೆ ಬರೀ ಮೆಸೇಜ್ ಕಳಿಸುವ ಮನೆತನ ಲಕ್ಷ್ಮೇಶ್ವರದಲ್ಲಿ ನನಗಿನ್ನೂ ಸಿಕ್ಕಿಲ್ಲ. ತಂಗಿಯ ಗಂಡ ಒಳ್ಳೆಯವನು, ಆದರೆ ಅಪ್ಪ ಮಾಡಬೇಕಾದ ಕೆಲಸಕ್ಕೆ ಕೈ ಹಾಕುವವನಲ್ಲ.

ಅವನ ಅಪ್ಪ ನಿವೃತ್ತ ಹೆಡ್‌ಮಾಸ್ತರರು. ಪ್ರತಿಯೊಂದನ್ನೂ ಡೈರಿಯಲ್ಲಿ ಬರೆದಿಡುವ ಅಭ್ಯಾಸ. ನಮ್ಮಿಬ್ಬರ ನಡುವೆ ಒಂದು ಹಳೆಯ ವಿಷಯವಿತ್ತು. ಅವರು ಅಧ್ಯಕ್ಷರಾಗಿದ್ದ ನಿವೃತ್ತರ ಸಂಘದ ವಾರ್ಷಿಕ ಸಭೆ ಕೋರಂ ಇಲ್ಲದೆ ಮುಂದಕ್ಕೆ ಹೋದದ್ದನ್ನು ವರದಿಗಾರನಾದ ನಾನು ನಮ್ಮ ಪತ್ರಿಕೆಯಲ್ಲಿ ನಾಲ್ಕು ಸಾಲು ವರದಿ ಮಾಡಿದ್ದೆ. "ನೀವು ಬರದದ್ದು ಖರೆ ಐತಿ. ಖರೆ ಇದ್ದದ್ದನ್ನೆಲ್ಲಾ ಬರೀಬೇಕಂತೇನಿಲ್ಲ" ಎಂದು ಅವರು ಒಮ್ಮೆ ಹೇಳಿದ್ದರು. ಅಷ್ಟೇ. ಜಗಳವಾಗಿರಲಿಲ್ಲ. ಆದರೆ ಆ ವಿಷಯ ಮುಗಿದೂ ಇರಲಿಲ್ಲ.

ಇನ್ನು ಫೋನಿನ ವಿಷಯ. ಹಳೆಯ ಫೋನು ಕೆಟ್ಟು, ಗದಗಿನ ಒಂದು ಸೆಕೆಂಡ್‌ಹ್ಯಾಂಡ್ ಮೊಬೈಲ್ ಅಂಗಡಿಯಲ್ಲಿ ನಾನು ಹೊರದೇಶದ ಫೋನೊಂದನ್ನು ಕೊಂಡಿದ್ದೆ. ಅಲ್ಲಿನ ಯಾವುದೋ ಮೊಬೈಲ್ ಕಂಪನಿ ತನ್ನ ಗಿರಾಕಿಗಳಿಗಾಗಿ ಮಾರಿದ್ದ ಮಾಡೆಲ್ ಅದು. ತೆಳ್ಳಗೆ, ನುಣ್ಣಗೆ, ಕ್ಯಾಮೆರಾ ಬಹಳ ಚೆನ್ನಾಗಿತ್ತು. ಅಂಗಡಿಯವನು, "ಅನ್‌ಲಾಕ್ ಐತ್ರೀ ಸರ. ಯಾವ ಸಿಮ್ ಹಾಕಿದ್ರೂ ನಡೀತೈತಿ" ಎಂದ. ನನ್ನ ಸಿಮ್ ಹಾಕಿದ. ಇಂಟರ್‌ನೆಟ್ ಓಡಿತು. ಅಲ್ಲೇ ಒಂದು ವೀಡಿಯೊ ನೋಡಿ ನಾನು ತೃಪ್ತನಾದೆ. ವರದಿಗಾರ ಕೇಳಬೇಕಾದ ಎರಡನೇ ಪ್ರಶ್ನೆಯನ್ನು ನಾನು ಕೇಳಲಿಲ್ಲ.

ಆ ಫೋನಿಗೆ ಮಾಮೂಲಿ ಕರೆಗಳು ಬರುವುದಿಲ್ಲ ಎಂಬುದು ಆರು ದಿನ ನನಗೆ ತಿಳಿಯಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ, ಆದ್ದರಿಂದ ಕಾರಣ ಹೇಳುತ್ತೇನೆ. ಅಧಿಕಾರಿಗಳು ಈಗ ಪತ್ರಕರ್ತರ ಮಾಮೂಲಿ ಕರೆ ಎತ್ತುವುದಿಲ್ಲ, ರೆಕಾರ್ಡ್ ಆಗುತ್ತದೆ ಎಂಬ ಅಂಜಿಕೆ. ಮೆಸೇಜ್ ಕಳಿಸುವ ಆ್ಯಪ್‌ನಲ್ಲೇ ಕರೆ ಮಾಡಿ ಎನ್ನುತ್ತಾರೆ. ನಮ್ಮ ಆಫೀಸು ನಡೆಯುವುದೂ ಆ್ಯಪ್‌ನ ಗ್ರೂಪಿನಲ್ಲಿ. ಹೆಂಡತಿ ತರಕಾರಿ ಪಟ್ಟಿಯನ್ನೂ ಅದರಲ್ಲೇ ಹಾಕುತ್ತಾಳೆ. ಆ್ಯಪ್ ಇಂಟರ್‌ನೆಟ್ ಮೇಲೆ ನಡೆಯುವುದರಿಂದ ನನಗೆ ಯಾವ ಕೊರತೆಯೂ ಕಾಣಲಿಲ್ಲ. ಎರಡು ಸಲ ಮಾಮೂಲಿ ಕರೆ ಮಾಡಲು ಹೋಗಿ ಆಗದಿದ್ದಾಗ ಟವರಿನ ಮೇಲೆ ತಪ್ಪು ಹೊರಿಸಿದೆ. ಉಳಿದಂತೆ, ಈ ವಾರ ಜನ ಸುಮ್ಮನಿದ್ದಾರೆ ಎಂದುಕೊಂಡೆ. ಮುಂಡರಗಿಯಿಂದ ದಿನಕ್ಕೆ ಮೂರು ಸಲ ಫೋನು ಮಾಡಿ ಸುದ್ದಿ ಹೇಳುತ್ತಿದ್ದ ಹಿರಿಯರೊಬ್ಬರೂ ಸುಮ್ಮನಾಗಿದ್ದರು. ನನಗೆ ವರ್ಗವಾಗಿದೆ ಎಂದು ತಿಳಿದು ಅವರು ಬೇರೆ ಪತ್ರಿಕೆ ಹಿಡಿದಿದ್ದರೆಂದು ಆಮೇಲೆ ಗೊತ್ತಾಯಿತು.

ಆರನೆಯ ದಿನ ಮಧ್ಯಾಹ್ನ ತಂಗಿಯ ಮೆಸೇಜ್ ಬಂತು. ಅದನ್ನು ಇದ್ದಂತೆಯೇ ಕೊಡುತ್ತೇನೆ: "ಅಣ್ಣಾ, ನಾಳೆ ಜವಳ. ನಿನಗ ಬರೂದು ಬ್ಯಾಡಾಗಿದ್ರ ಬಿಡು. ಮಾಮಾರ ಫೋನ್ ಒಂದು ಎತ್ತಿದ್ರ ನಿನ್ನ ಗಂಟೇನು ಹೋಗ್ತಿತ್ತು. ಶಿಗ್ಲಿ ಅಣ್ಣಗ ಹೇಳೀವಿ, ಅವನ ಕುಂದ್ರತಾನ."

ಶಿಗ್ಲಿ ಅಣ್ಣ ಎಂದರೆ ಶಿಗ್ಲಿ ಊರಿನಲ್ಲಿರುವ ನಮ್ಮ ದೊಡ್ಡಪ್ಪನ ಮಗ. ನನ್ನ ತೊಡೆಗೆ ಬದಲಿ ತೊಡೆ ನಿಗದಿಯಾಗಿತ್ತು.

ತಂಗಿಗೆ ಆ್ಯಪ್‌ನಲ್ಲಿ ಕರೆ ಮಾಡಿದೆ. ಎತ್ತಲಿಲ್ಲ. ಮಾಮೂಲಿ ಕರೆ ಮಾಡಿದೆ. ಹೋಗಲೇ ಇಲ್ಲ. ಅಡುಗೆಮನೆಗೆ ಹೋಗಿ ಹೆಂಡತಿಗೆ, "ನಿನ್ನ ಫೋನಿನಿಂದ ನನಗೊಂದು ಫೋನ್ ಹಚ್ಚು" ಎಂದೆ. ಅವಳು ಹಿಟ್ಟಿನ ಕೈ ಒರೆಸಿಕೊಂಡು ಹಚ್ಚಿದಳು. ಇಬ್ಬರ ನಡುವೆ ಒಂದು ರೊಟ್ಟಿಯ ಹಂಚಿನಷ್ಟು ಅಂತರ. ಅವಳು ಫೋನು ಕಿವಿಗಿಟ್ಟು ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನಂತೈತಿ?"

"ನೀವು ವ್ಯಾಪ್ತಿ ಪ್ರದೇಶದ ಹೊರಗ ಅದೀರಂತ."

"ನಾ ಇಲ್ಲೇ ಅದೀನಲ್ಲ."

"ನಂಗೂ ಹಂಗ ಕಾಣ್ತೈತಿ. ಆದ್ರ ಅಕಿ ಇಲ್ಲ ಅಂತಾಳ."

ಸಂಜೆಯಾಗುವ ಮೊದಲೇ ಅಂಗಡಿಗೆ ಹೋದೆ. ಅಂಗಡಿಯವನು ಸೆಟ್ಟಿಂಗ್‌ಗಳನ್ನೆಲ್ಲ ತೆರೆದು ನೋಡಿದ. ಫೋರ್‌ಜಿ ಮೇಲೆ ಮಾತಾಡುವ ಸವಲತ್ತು ಎಂದು ಬೇರೆ ಫೋನುಗಳಲ್ಲಿ ಇರುವ ಬಟನ್ ನನ್ನದರಲ್ಲಿ ಇರಲೇ ಇಲ್ಲ.

"ಸರ, ಇದರಾಗ ಫೋನಿನ ತಪ್ಪಿಲ್ಲ" ಎಂದ. "ನಿಮ್ಮ ಸಿಮ್ ಕಂಪನಿಯವ್ರು ಫೋರ್‌ಜಿ ಮ್ಯಾಲ ಮಾತಾಡಾಕ ಯಾವ್ಯಾವ ಮಾಡೆಲಿಗೆ ಬಿಡಬೇಕಂತ ಒಂದು ಪಟ್ಟಿ ಮಾಡಿರ್ತಾರ. ಈ ಮಾಡೆಲ್ ನಮ್ಮ ದೇಶದಾಗ ಮಾರೇ ಇಲ್ಲ, ಪಟ್ಟಿಯೊಳಗೂ ಇಲ್ಲ. ಹಳೀ ಟೂಜಿ ಇದ್ದ ಕಂಪನಿ ಆಗಿದ್ರ ಅದರ ಮ್ಯಾಲರ ಬರ್ತಿತ್ತು. ನಿಮ್ಮ ಕಂಪನಿಗೆ ಅದೂ ಇಲ್ಲ."

"ಮತ್ತ ಅನ್‌ಲಾಕ್ ಅಂದ್ಯಲ್ಲೋ."

"ಅನ್‌ಲಾಕ ಐತಲ್ರಿ. ಕಂಪನಿ ಒಳಗ ಬಿಟ್ಕೊಂಡೈತಿ. ಮಾತಾಡ್ಸೂದಿಲ್ಲ ಅಷ್ಟ. ಕರೀದ ಮದುವಿಗೆ ಹೋದ್ರ ಎಲಿ ಹಾಕಿ ಊಟಕ್ಕ ನೀಡ್ತಾರ, ಯಾರೂ ಮಾತಾಡ್ಸೂದಿಲ್ಲ ನೋಡ್ರಿ, ಹಂಗ."

ನಾನು ಆ ವಾರ ಯಾವ ಸ್ಥಿತಿಯಲ್ಲಿದ್ದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿರಲಿಲ್ಲ. ಹೆಂಡತಿಯ ಫೋನಿನಿಂದ ಕಂಪನಿಯ ಸಹಾಯವಾಣಿಗೂ ಕೇಳಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ, ನಿಮ್ಮ ಹ್ಯಾಂಡ್‌ಸೆಟ್ ಈ ಸೌಲಭ್ಯಕ್ಕೆ ಅರ್ಹವಾಗಿಲ್ಲ, ಬೇರೆ ಏನಾದರೂ ಸಹಾಯ ಬೇಕೇ ಎಂದಳು. ನಾಳೆ ಲಕ್ಷ್ಮೇಶ್ವರದಲ್ಲಿ ಇದನ್ನೇ ಬೀಗರಿಗೆ ಹೇಳಲು ಸಾಧ್ಯವೇ ಎಂದು ಕೇಳಬೇಕೆನಿಸಿತು.

ಉಳಿದ ಪ್ರಶ್ನೆ, ಕರೆಯದೆ ಹೋಗುವುದು ಹೇಗೆ. ಹೆಂಡತಿ ಅದನ್ನು ಪ್ರಶ್ನೆಯೆಂದೇ ಒಪ್ಪಲಿಲ್ಲ. "ಅವರು ಕರದಾರ. ನಿಮಗ ಮುಟ್ಟಿಲ್ಲ. ಕೂಸಿನ ಅಂಗಿ ತಗೊಂಡು ನಡೀರಿ" ಎಂದಳು. ಮರುದಿನ ಬೆಳಿಗ್ಗೆ ಇಬ್ಬರೂ ಮೊದಲ ಬಸ್ಸಿಗೆ ಹೊರಟೆವು.

ನಾವು ಹೋದಾಗ ಹೆಡ್‌ಮಾಸ್ತರರು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದರು. "ಬರ್ರಿ ಬೀಗರ, ಕುಂಡ್ರಿ" ಎಂದರು. ದನಿಯಲ್ಲಿ ಮರ್ಯಾದೆಗೆ ಕಡಿಮೆ ಇರಲಿಲ್ಲ, ಬೇರೆ ಏನೂ ಇರಲಿಲ್ಲ. ಗೋಡೆಯ ಪಕ್ಕ ಮಣೆ ಹಾಕಿತ್ತು. ಅದರ ಮೇಲೆ ಹೊಸ ಬಿಳಿ ಧೋತರ ಉಟ್ಟ ಶಿಗ್ಲಿ ಅಣ್ಣ ಚಕ್ಕಂಬಕ್ಕಳ ಹಾಕಿ ಕುಳಿತಿದ್ದ. ನನ್ನ ಅಳಿಯ ಅವನ ತೊಡೆಯ ಮೇಲಿದ್ದ, ಅವನ ಮೀಸೆ ಎಳೆಯುತ್ತಿದ್ದ. ಕ್ಷೌರ ಮಾಡುವವರು ಬಟ್ಟಲಲ್ಲಿ ನೀರು ಇಟ್ಟುಕೊಂಡು ಗಡಿಯಾರ ನೋಡುತ್ತಿದ್ದರು. ಅವರಿಗೆ ಶಿರಹಟ್ಟಿಯಲ್ಲಿ ಇನ್ನೊಂದು ಜವಳವಿತ್ತು.

"ಬಾರಲೇ ಪೇಪರ್" ಎಂದ ಶಿಗ್ಲಿ ಅಣ್ಣ. "ಮಿರ್ಚಿ ತಿಂದು ಕೈ ತೊಳಕೊಂಡ್ಯೋ ಇಲ್ಲೋ?"

ತಂಗಿ ಅಡುಗೆಮನೆಯ ಬಾಗಿಲಲ್ಲಿ ಕಂಡಳು. ನನ್ನ ಹೆಂಡತಿಯನ್ನು ಮಾತ್ರ ಮಾತಾಡಿಸಿ ಒಳಗೆ ಕರೆದುಕೊಂಡು ಹೋದಳು.

ನಾನು ಫೋನಿನ ಸಂಗತಿ ಹೇಳಿದೆ. ಕಂಪನಿ, ಪಟ್ಟಿ, ಮಾಡೆಲ್, ಎಲ್ಲ. ಹೆಡ್‌ಮಾಸ್ತರರು ಪೂರ್ತಿ ಕೇಳಿ, ಡೈರಿ ತೆಗೆದು ಕನ್ನಡಕ ಹಾಕಿಕೊಂಡು ಓದಿದರು.

"ಸೋಮವಾರ ಮುಂಜಾನೆ ಒಂಬತ್ತು ಹತ್ತಕ್ಕ ಫೋನ್ ಮಾಡಿದೆ. ಬೀಗರು ಸಿಗಲಿಲ್ಲ. ಆನ್‌ಲೈನ್ ಇದ್ದರು. ಮಂಗಳವಾರ ಸಂಜೆ ಆರೂ ಐದಕ್ಕ. ಸಿಗಲಿಲ್ಲ. ಆನ್‌ಲೈನ್ ಇದ್ದರು. ಬುಧವಾರ ಹನ್ನೊಂದು ನಲವತ್ತಕ್ಕ. ಸಿಗಲಿಲ್ಲ. ಮಿರ್ಚಿ ಸ್ಟೇಟಸ್ ಹಾಕಿದ್ದರು." ಕನ್ನಡಕದ ಮೇಲಿಂದ ನೋಡಿದರು. "ಫೋನ್ ಬಂದಿಲ್ಲಂದ್ರ ಆನ್‌ಲೈನ್ ಹೆಂಗಿದ್ರಿ? ಎರಡೂ ಒಂದ ಫೋನಿನಾಗ ಅಲ್ಲೇನ್ರಿ?"

ಪತ್ರಿಕಾಗೋಷ್ಠಿಗಳಲ್ಲಿ ನಾನು ಇಂಥ ಪ್ರಶ್ನೆ ಕೇಳಿದ್ದೇನೆ. ಎದುರು ಕುಳಿತವರ ಕಷ್ಟ ಅಂದು ಗೊತ್ತಾಯಿತು. ವಿವರಣೆ ಬಿಟ್ಟು ನನ್ನ ಫೋನನ್ನು ಅವರ ಮುಂದಿನ ಸ್ಟೂಲಿನ ಮೇಲಿಟ್ಟು, "ಈಗ ಮಾಡ್ರಿ" ಎಂದೆ.

ಅವರು ಮಾಡಿದರು. ಸ್ಪೀಕರ್ ಹಾಕಿದರು. ಪಡಸಾಲೆಯಲ್ಲಿದ್ದವರೆಲ್ಲ ಕತ್ತು ಚಾಚಿ ಕಿವಿಗೊಟ್ಟರು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಆ ಹೆಣ್ಣುದನಿ ಸ್ಪಷ್ಟವಾದ ಕನ್ನಡದಲ್ಲಿ ಹೇಳಿತು. ನಾನು ಮೂರು ಅಡಿ ದೂರದಲ್ಲಿದ್ದೆ. ಹೆಡ್‌ಮಾಸ್ತರರು ಇನ್ನೊಮ್ಮೆ ಮಾಡಿದರು. ಅದೇ ಉತ್ತರ. ಆಮೇಲೆ ಆ್ಯಪ್ ತೆರೆದು ನೋಡಿದರು. ನಾನು ಆನ್‌ಲೈನ್ ಇದ್ದೆ.

"ಹೌದಲ್ಲ" ಎಂದರು. ಮುಖ ಸಡಿಲವಾಯಿತು. ಮರುಕ್ಷಣವೇ ಇನ್ನೊಂದು ತೊಡಕು ಅವರಿಗೆ ಹೊಳೆಯಿತು. "ಹಂಗಾರ ನಿಮ್ಮನ್ನ ಕರದಂಗ ಆಗಲಿಲ್ಲ. ಕರೀದ ಬೀಗರನ್ನ ಮನಿಯೊಳಗ ಕುಂದ್ರಿಸಿಕೊಂಡೀನಿ." ಎದ್ದು, ಕುಂಕುಮ, ಅಕ್ಷತೆ, ಎಲೆ ಅಡಿಕೆ ತರಿಸಿದರು. ನನ್ನನ್ನು ಮತ್ತೆ ಚಪ್ಪಲಿ ಮೆಟ್ಟಿಸಿ ಬೀದಿ ಬಾಗಿಲಿನ ಹೊರಗೆ ನಿಲ್ಲಿಸಿದರು. ಹಣೆಗೆ ಕುಂಕುಮ ಹಚ್ಚಿ, "ಮೊಮ್ಮಗನ ಜವಳ ಐತ್ರಿ ಬೀಗರ. ಮನೀ ಮಂದಿ ಕೂಡಿ ಬರಬೇಕು" ಎಂದರು. ನಾನು, "ಆತ್ರಿ, ಯಾವತ್ತು?" ಎಂದೆ. "ಇವತ್ತ, ಈಗ" ಎಂದು ಗಂಭೀರವಾಗಿ ಹೇಳಿ ಒಳಗೆ ಕರೆದುಕೊಂಡು ಬಂದರು.

ಹೀಗೆ ನನ್ನ ಹೆಸರು ಪಟ್ಟಿಗೆ ಸೇರಿತು. ತೊಡೆಯ ವಿಷಯ ಮಾತ್ರ ಹಾಗೆಯೇ ಉಳಿಯಿತು.

"ಅವರನ್ನ ಈಗ ಎಬ್ಬಸಾಕ ಬರೂದಿಲ್ರಿ" ಎಂದು ಹೆಡ್‌ಮಾಸ್ತರರು ಮೆಲ್ಲಗೆ ಹೇಳಿದರು. "ಮಣಿ ಮ್ಯಾಲ ಕುಂದ್ರಿಸಿ, ಕೂಸು ಕೊಟ್ಟು, ಆರತಿ ಆಗೈತಿ. ಏಳ್ರಿ ಅಂದ್ರ ಅವಮಾನ ಆಕ್ಕೈತಿ. ನಾವಾಗೇ ಕರದು ಕುಂದ್ರಿಸೀವಿ."

ಅವರ ಮಾತು ಸರಿಯಿತ್ತು. ಶಿಗ್ಲಿ ಅಣ್ಣನೂ ಏಳುವ ಲಕ್ಷಣ ತೋರಿಸಲಿಲ್ಲ. "ಇರಲಿ ಬಿಡ್ರಿ, ಮುಂದಿನ ಕೂಸಿಗೆ ಅವ ಕುಂದ್ರತಾನ" ಎಂದು ನಕ್ಕ. ಅಡುಗೆಮನೆಯ ಬಾಗಿಲಲ್ಲಿ ತಂಗಿ ನಿಂತಿದ್ದಳು. ಅವಳು ಎಲ್ಲ ಕೇಳಿಸಿಕೊಂಡಿದ್ದಳು. ಅಂದು ಮೊದಲ ಸಲ ನನ್ನ ಮುಖ ನೋಡಿದಳು. ಕಣ್ಣು ತುಂಬಿತ್ತು. ತಿರುಗಿ ಒಳಗೆ ನನ್ನ ಹೆಂಡತಿಯ ಬಳಿಗೆ ಹೋದಳು.

ಕ್ಷೌರ ಮಾಡುವವರು ಮಗುವಿನ ತಲೆಗೆ ನೀರು ಹಚ್ಚಿ, "ಹಿಡೀರಿ ಕತ್ತರಿ, ಹೊತ್ತಾತು" ಎಂದರು. ಶಿಗ್ಲಿ ಅಣ್ಣ ಕೈ ಚಾಚಿದ. ಆಗ ಅವನ ಜೇಬಿನಲ್ಲಿದ್ದ ಹಳೆಯ ಬಟನ್ ಫೋನು ಜೋರಾಗಿ ಹೊಡೆದುಕೊಂಡಿತು. ಮಗು ಬೆಚ್ಚಿ ಅಳಲು ಶುರು ಮಾಡಿತು. ಅವನು ಫೋನು ತೆಗೆದು ನೋಡಿದ, ಬಂದ್ ಮಾಡಿದ. ಮತ್ತೆ ಹೊಡೆಯಿತು. ಮತ್ತೆ ಬಂದ್ ಮಾಡಿದ. ಮೂರನೆಯ ಸಲ ಹೊಡೆದಾಗ, "ಯಾವದೋ ಹೊಸಾ ನಂಬರ. ನಾಳಿ ಟ್ರ್ಯಾಕ್ಟರ್ ಕಳಸ್ತೀನಿ ಅಂದಿದ್ರು, ಅವರ ಇರಬೇಕು" ಎಂದು ನನ್ನ ಕಡೆ ತಿರುಗಿದ. "ಲೇ, ಒಂದು ಗಳಿಗಿ ಕೂಸಿನ ಹಿಡಿ."

ಮಣೆ ಬಿಟ್ಟು ಅಂಗಳಕ್ಕೆ ಹೋದ. "ಹಲೋ. ಹಲೋ. ಯಾರ್ರೀ? ಹಲೋ" ಎನ್ನುವುದು ಕೇಳುತ್ತಿತ್ತು.

ಮಗುವನ್ನು ಎತ್ತಿಕೊಂಡು ನಿಂತರೆ ಅಳು ಹೆಚ್ಚಾಗುತ್ತಿತ್ತು. ಮಣೆ ಖಾಲಿ ಇತ್ತು. ಕುಳಿತೆ. ಕ್ಷೌರ ಮಾಡುವವರಿಗೆ ಯಾವ ಊರಿನ ಮಾವ ಎಂಬುದು ಮುಖ್ಯವಾಗಿರಲಿಲ್ಲ. ಕತ್ತರಿಯನ್ನು ನನ್ನ ಕೈಗಿಟ್ಟರು. ನಾನು ಹೆಡ್‌ಮಾಸ್ತರರ ಕಡೆ ನೋಡಿದೆ. ಅವರು ಡೈರಿಯ ಕಡೆ ನೋಡಿದರು. ಕಣ್ಣಿನ ಮೇಲೆ ಬಿದ್ದಿದ್ದ ಎಳೆಯೊಂದನ್ನು ಹಿಡಿದು ಕತ್ತರಿಸಿದೆ. ಅಳಿಯ ಅಳು ನಿಲ್ಲಿಸಿ ನನ್ನ ಮೀಸೆಗೆ ಕೈ ಹಾಕಿದ.

ಶಿಗ್ಲಿ ಅಣ್ಣ ತಿರುಗಿ ಬಂದಾಗ ಅರ್ಧ ತಲೆ ಬೋಳಾಗಿತ್ತು. "ಹಲೋ ಹಲೋ ಅಂದ ಅಂದೆ. ಯಾರೂ ಮಾತಾಡಲಿಲ್ಲ" ಎಂದ. ನನ್ನನ್ನೂ ಮಣೆಯನ್ನೂ ನೋಡಿ, "ಏನಲೇ, ಕುಂತ ಬಿಟ್ಟಿ?" ಎಂದ. ಆಮೇಲೆ ಅವನೇ ನಕ್ಕು, ಧೋತರ ಸರಿಮಾಡಿಕೊಂಡು, ಊಟ ಯಾವಾಗ ಎಂದು ವಿಚಾರಿಸಿದ.

ಪಂಕ್ತಿಯಲ್ಲಿ ತಂಗಿಯೇ ಬಂದು ನನಗೆ ಹೋಳಿಗೆ ಬಡಿಸಿದಳು. ಎರಡು ಕೇಳಿದರೆ ನಾಲ್ಕು ಹಾಕಿದಳು. "ಅಣ್ಣಾ, ಮೊದಲ ಆ ಫೋನ್ ಒಗಿ" ಎಂದಳು. ಹೊರಡುವಾಗ ಹೆಡ್‌ಮಾಸ್ತರರು ಡೈರಿಯಲ್ಲಿ ಬರೆದದ್ದನ್ನು ನನಗೆ ತೋರಿಸಿದರು. ಹತ್ತೂ ಇಪ್ಪತ್ತಕ್ಕೆ ಬೀಗರು ಸಿಕ್ಕರು ಎಂದಿತ್ತು. ಜವಳದಲ್ಲಿ ಯಾರ ತೊಡೆ, ಮೊದಲ ಕತ್ತರಿ ಯಾರದು ಎಂದೇನೂ ಬರೆದಿರಲಿಲ್ಲ. ಖರೆ ಇದ್ದದ್ದನ್ನೆಲ್ಲ ಬರೆಯುವವರಲ್ಲ ಅವರು.

ಗದಗಿಗೆ ಮರಳುವ ಬಸ್ಸಿನಲ್ಲಿ ಹೆಂಡತಿಯನ್ನು ಕೇಳಿದೆ. "ಅಡಗಿಮನ್ಯಾಗ ಇಬ್ಬರೂ ಏನ್ ಮಾಡಾಕತ್ತಿದ್ರಿ?"

"ಹೋಳಿಗಿ" ಎಂದಳು.

"ಶಿಗ್ಲಿ ಅಣ್ಣನ ಹತ್ರ ನಿನ್ನ ನಂಬರ್ ಐತೇನು?"

"ಇಲ್ರಿ. ಯಾಕ?"

ಅವಳ ಫೋನು ನಮ್ಮಿಬ್ಬರ ನಡುವೆ ಸೀಟಿನ ಮೇಲೆಯೇ ಇತ್ತು. ಅವಳು ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು. ಕರೆಗಳ ಪಟ್ಟಿ ತೆರೆದು ನೋಡಲು ಒಂದು ನಿಮಿಷ ಸಾಕಿತ್ತು. ನಾನು ನೋಡಲಿಲ್ಲ.