ಕಬ್ಬಿನ ಹೊಲದ ನಾಲ್ಕನೆಯ ಮಗ್ಗುಲು

ಆ ಬೆಳಗಿನ ಕಥೆ ಹೇಳಲು ಕೂತರೆ ಈಗಲೂ ನನ್ನ ಮಾತು ಓಟ ಹಿಡಿಯುತ್ತದೆ. ಮಕ್ಕಳು ನಗುತ್ತಾರೆ. "ಸಾವಕಾಶ ಹೇಳವ್ವಾ, ಅವ ಎಲ್ಲೂ ಓಡಿ ಹೋಗಂಗಿಲ್ಲ" ಎನ್ನುತ್ತಾರೆ. ಅಂದು ನಮಗಿದ್ದ ಹೆದರಿಕೆಯೇ ಅದು, ಅವನು ಓಡಿಹೋಗುತ್ತಾನೆ ಎಂಬುದು.

ಅರವತ್ತರ ದಶಕದ ಕೊನೆ. ಗುಲ್ಬರ್ಗಾದ ಕಾನ್ವೆಂಟಿನಲ್ಲಿ ಓದಿದ ನಾನು, ಹುಮನಾಬಾದದಿಂದ ಬಸವಕಲ್ಯಾಣಕ್ಕೆ ಹೋಗುವ ರಸ್ತೆಯ ಬದಿಯ ಒಕ್ಕಲು ಮನೆಯೊಂದಕ್ಕೆ ಸೊಸೆಯಾಗಿ ಬಂದಿದ್ದೆ. ಯಜಮಾನರು ಹುಮನಾಬಾದದಲ್ಲಿ ಮಾಸ್ತರರು, ರಜೆಗಷ್ಟೇ ಊರಿಗೆ ಬರುತ್ತಿದ್ದರು. ಮನೆ, ಹೊಲ, ಆಳುಕಾಳು ಎಲ್ಲ ಅತ್ತೆಯವರ ಕೈಯಲ್ಲಿತ್ತು. ಊರವರು ಅವರನ್ನು ಆಯಿ ಎನ್ನುತ್ತಿದ್ದರು.

ಆ ವರ್ಷ ನಮ್ಮ ರಸ್ತೆಗೆ ಒಬ್ಬ ದರೋಡೆಕೋರನ ಕಾಟ. ಸಂತೆಯಿಂದ ತಿರುಗಿ ಬರುವವರನ್ನು ತಡೆಯುತ್ತಿದ್ದ. ಬಳೆ ಮಾರುವ ಮುದುಕನೊಬ್ಬನನ್ನು ಕೊಂದ. ಆಮೇಲೆ ಘಾಟಬೋರಾಳದ ಕುರಿಗಾರರ ಮನೆಯ ಹುಡುಗನನ್ನು, ಅದೂ ಒಂದು ಕಂಬಳಿಗಾಗಿ. ಹಿಂದೆ ಎಲ್ಲೋ ಗಡಿಯಾಚೆ ಪೊಲೀಸರು ಹಿಡಿದು ಒಯ್ಯುವಾಗ ದಾರಿಯಲ್ಲೇ ತಪ್ಪಿಸಿಕೊಂಡವನಂತೆ. ನಾವು ಹೆಂಗಸರು ಬಾವಿಗೆ ಹೋಗುವಾಗ ಬಳೆಗಳನ್ನು ಮೊಣಕೈವರೆಗೆ ಸರಿಸಿ ಸೆರಗು ಸುತ್ತಿಕೊಳ್ಳುತ್ತಿದ್ದೆವು. ಸದ್ದು ಕೇಳಬಾರದು, ಅಷ್ಟೇ.

ಅಂದು ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಮೈದುನ ಓಡಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ.

"ವೈನಿ, ಸಿಕ್ಕಾನ. ನಮ್ಮ ಕಬ್ಬಿನಾಗ ಹೊಕ್ಕಾನ. ಮಂದಿ ಸುತ್ತಗಟ್ಟ್ಯಾರ."

ಹಂಚಿನ ಮೇಲಿನ ರೊಟ್ಟಿ ಹಾಗೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಹೊರಟೆ. ಚಪ್ಪಲಿ ಹಾಕಿಕೊಂಡಿಲ್ಲವೆಂದು ತಿಳಿದದ್ದು ಹೊಲದ ಬದುವಿನ ಮೇಲೆ ಮುಳ್ಳು ಚುಚ್ಚಿದಾಗ.

ಹೊಲದ ಸುತ್ತ ನಮ್ಮೂರು, ಪಕ್ಕದೂರು ಎಲ್ಲ ನೆರೆದಿತ್ತು. ಕೊಡಲಿ, ಬಡಿಗೆ, ಈಟಿ. ಕಟಾವಿಗೆ ಬಂದ ಕಬ್ಬು, ಕೆಳಗೆ ಒಣಗಿದ ಎಲೆ ಹಾಸಿಗೆಯಂತೆ ಬಿದ್ದಿತ್ತು. ಪೊಲೀಸರನ್ನು ಕರೆತರಲು ಒಬ್ಬ ಸೈಕಲ್ ಮೇಲೆ ಹುಮನಾಬಾದಕ್ಕೆ ಹೋಗಿದ್ದ. ಆದರೆ ಯಾರಿಗೂ ಅವರು ಬರುವ ತನಕ ಕಾಯುವ ಮನಸ್ಸಿರಲಿಲ್ಲ.

"ಒಳಗ ಹೊಕ್ಕು ಹಿಡೀಲಿಕ್ಕ ಆಗಂಗಿಲ್ಲ. ಕೈಯಾಗ ಚೂರಿ ಅದ. ಹೊಕ್ಕವ ಸತ್ತಂಗ."

"ಪೊಲೀಸರ ಕೈಯಾಗ ಕೊಟ್ರ ಮತ್ತ ಓಡತಾನ. ಓಡಿ ಬಂದು ಯಾರ ಮನಿ ಹೊಗತಾನ? ನಮ್ಮದೇ."

"ಎಲಿ ಒಣಗ್ಯಾದ. ಒಂದ್ ಕಡ್ಡಿ ಸಾಕು. ನಾಕೂ ಕಡಿ ಹಚ್ಚಿಬಿಡ್ರಿ."

ಈ ಕೊನೆಯ ಮಾತಿಗೆ ಗುಂಪಿನಲ್ಲೆಲ್ಲ ಒಂದು ಹುರುಪು ಹರಿಯಿತು. ಬೀಡಿ ಸೇದುವವರ ಜೇಬುಗಳಿಂದ ಕಡ್ಡಿಪೆಟ್ಟಿಗೆಗಳು ಹೊರಬಂದವು. ಕೊಲ್ಲಬೇಡ ಎಂಬ ಆಜ್ಞೆಯನ್ನು ಕಾನ್ವೆಂಟಿನಲ್ಲಿ ಕೈಕಟ್ಟಿ ನಿಂತು ಎಷ್ಟು ಸಲ ಒಪ್ಪಿಸಿದ್ದೆನೋ. ಅಲ್ಲಿ ಅದು ನೆನಪಿನ ಹತ್ತಿರವೂ ಸುಳಿಯಲಿಲ್ಲ. ಹಚ್ಚಲಿ, ಬೇಗ ಹಚ್ಚಲಿ ಎಂದೇ ನಾನೂ ಕಾಯುತ್ತಿದ್ದೆ. ಆ ಸಂಜೆಯಿಂದಲೇ ಬಾವಿಗೆ ಬಳೆ ಸದ್ದು ಮಾಡುತ್ತ ಹೋಗಬಹುದಲ್ಲ.

ಎಲ್ಲರಿಗಿಂತ ಮುಂದೆ ನಿಂತಿದ್ದವನು ಸತ್ತ ಕುರಿಗಾರ ಹುಡುಗನ ಅಣ್ಣ. ಎತ್ತರದ ಆಳು. ಹೆಗಲ ಮೇಲೆ ಕೊಡಲಿ.

"ಕಬ್ಬು ಆಯೀದು. ಆಯೀಗಿ ಒಂದ್ ಮಾತ ಕೇಳ್ರಿ" ಎಂದರು ಯಾರೋ.

ಅತ್ತೆಯವರು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬದು ಹತ್ತಿ ಬಂದರು.

"ಹಚ್ಚ್ರಿ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ಹೊಲದಾಗ ಬೆಂಕಿ ಹಚ್ಚೋ ರೀತಿ ಒಂದದ. ನಿಮಗ ಗೊತ್ತಿದ್ದದ್ದೇ."

ಗೊತ್ತಿತ್ತು. ಕಬ್ಬು ಕಡಿದ ಮೇಲೆ ಉಳಿದ ಒಣ ಎಲೆಯನ್ನು ನಮ್ಮಲ್ಲಿ ಸುಡುವಾಗ ಮೂರೇ ಮಗ್ಗುಲಿಗೆ ಬೆಂಕಿ ಇಡುತ್ತಿದ್ದರು. ಬಾವಿಯ ಕಡೆಯ ಮಗ್ಗುಲನ್ನು ತೆರೆದು ಬಿಡುತ್ತಿದ್ದರು. ಮೊದಲು ಅಲ್ಲಿ ನಿಂತು ಗಟ್ಟಿಯಾಗಿ ಕೂಗಿ ಹೇಳುವುದು: ಹಾವೇ, ಮೊಲವೇ, ಇಲಿಮರಿಯೇ, ಈ ಕಡೆ ದಾರಿ ಬಿಟ್ಟಿದ್ದೇವೆ, ಹೋಗಿಬಿಡಿ. ಹಾಗೆ ಕೂಗದೆ ಆ ಮನೆಯಲ್ಲಿ ಯಾರೂ ಕಡ್ಡಿ ಗೀರಿದ್ದಿಲ್ಲ.

"ಆಯಿ, ಅದು ಹಾವು, ಮೊಲದ ಮಾತಾತು" ಎಂದ ಒಬ್ಬ.

"ಹಾವಿಗಿ ಬಿಡ್ತೇವಿ, ಇವಗ ಬಿಡಂಗಿಲ್ಲಂದ್ರ ಹ್ಯಾಂಗಪಾ?"

"ಅವ ಓಡಿ ಹೋಗ್ತಾನಲ್ರಿ."

"ಯಾಕ ಓಡ್ತಾನ? ಇಷ್ಟ ಮಂದಿ ಇದ್ದೀರಿ. ಆ ಮಗ್ಗಲಿಗಿ ನಿಂದ್ರಿ, ಹಿಡೀರಿ."

ಹುರುಪು ಇಳಿದದ್ದು ಕಣ್ಣಿಗೆ ಕಾಣಿಸಿತು. ಮೂರು ಮಗ್ಗುಲಿಗೆ ಹೋಗಲು ಎಲ್ಲರೂ ತಯಾರು. ಚೂರಿ ಹಿಡಿದವನು ಎದುರಿಗೆ ಬರುವ ನಾಲ್ಕನೆಯ ಮಗ್ಗುಲಿಗೆ ಹೋಗುವವರಿಲ್ಲ.

"ಮಾಮಾ, ನೀ ಪೈಲ್ವಾನ. ನೀ ಹೋಗು."

"ನನ್ನ ಮೊಣಕಾಲ ನೋಯ್ಲಾಕತ್ತಾವ."

"ಈಗರೆ ನಾಕೂ ಕಡಿ ಹಚ್ಚತೀನಂತ ಜಿಗದಾಡ್ತಿದ್ದಿ, ಅವಾಗ ಮೊಣಕಾಲ ಎಲ್ಲಿ ಇಟ್ಟಿದ್ದಿ?" ಎಂದಳು ಹಿಂದಿನಿಂದ ಅವನ ಹೆಂಡತಿಯೇ. ಅಂಥ ಹೊತ್ತಿನಲ್ಲೂ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು.

ಅತ್ತೆ ಬಾವಿಯ ಕಡೆ ನಡೆದು ಒಬ್ಬರೇ ನಿಂತರು. ಅವರನ್ನು ಬಿಟ್ಟು ನಿಲ್ಲಲಾರದೆ ನಾನೂ ಹೋದೆ. ನನ್ನ ಕೈಯ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಕುಡುಗೋಲು ಹಿಡಿದ ನಾಲ್ಕಾರು ಹೆಂಗಸರು ಬಂದರು. ಆಮೇಲೆ ಕುರಿಗಾರ ಬಂದ. ನಮ್ಮೆಲ್ಲರನ್ನೂ ದಾಟಿ ಮುಂದೆ ನಿಂತ. ಇನ್ನು ಗಂಡಸರು ಅಲ್ಲೇ ಹೇಗೆ ಉಳಿದಾರು? ಒಬ್ಬೊಬ್ಬರಾಗಿ ಇತ್ತ ಬರತೊಡಗಿದರು. ಬೆಂಕಿ ಹಚ್ಚಲು ಅತ್ತ ಯಾರೂ ಉಳಿಯಲಿಲ್ಲ.

ಅತ್ತೆ ಕೂಗಿದರು. ಹಾವು, ಮೊಲ, ಇಲಿಮರಿ, ಎಲ್ಲ ಕ್ರಮವಾಗಿ. ಕೊನೆಗೆ, "ಒಳಗ ಕುಂತವನೇ, ನೀನೂ ಕೇಳು. ಬೆಂಕಿ ಬರ್ತದ. ದಾರಿ ಈ ಕಡಿ ಅದ. ಚೂರಿ ಒಗದು ಬಾ."

ಪಕ್ಕದವಳ ಉಸಿರು ನನ್ನ ಕಿವಿಗೆ ಬಡಿಯುತ್ತಿತ್ತು. ಆಮೇಲೆ ಎಲೆಗಳು ಸರಸರ ಎಂದವು. ಮೊದಲು ಚೂರಿ ಬಂದು ನೆಲಕ್ಕೆ ಬಿತ್ತು. ಹಿಂದೆಯೇ ಅವನು.

ನಾನು ಅಂದುಕೊಂಡಿದ್ದಕ್ಕಿಂತ ಬಹಳ ಸಣ್ಣ ಆಳು. ಕಬ್ಬಿನ ಎಲೆ ಕೊಯ್ದು ಕೆನ್ನೆಯ ತುಂಬ ಕೆಂಪು ಗೆರೆಗಳು. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿದ್ದ. ಹೆಗಲ ಮೇಲೆ ಆ ಹುಡುಗನ ಕಂಬಳಿ.

ಕುರಿಗಾರ ಕೊಡಲಿ ಎತ್ತಿದ. ಯಾರೂ ಬೇಡ ಎನ್ನಲಿಲ್ಲ. ಅತ್ತೆಯೂ ಅನ್ನಲಿಲ್ಲ.

ದರೋಡೆಕೋರ ನೆಲದ ಮೇಲೆ ಕೂತುಬಿಟ್ಟ.

"ಏಳಲೇ" ಎಂದ ಕುರಿಗಾರ.

"ಏಳಂಗಿಲ್ಲ."

"ಎದ್ದು ನಿಂದ್ರು. ಕುಂತವನ್ನ ಹೊಡ್ದವ ಅನ್ನಿಸ್ಕೋಬೇಕೇನು ನಾ?"

"ನಿಂತ್ರ ಹೊಡೀತಿ. ನಾ ಏಳಂಗಿಲ್ಲ."

ಕೊಡಲಿ ಮೇಲೇ ಇತ್ತು. "ಏಳೋ, ನಿನ್ನೌನ" ಎಂದು ಇನ್ನೊಮ್ಮೆ ಹೇಳುವಾಗ ಅವನ ದನಿ ಬೇಡಿದ ಹಾಗಿತ್ತು. ಇವನು ಮೊಣಕಾಲು ಅಪ್ಪಿಕೊಂಡು ಇನ್ನೂ ಗಟ್ಟಿಯಾಗಿ ಕೂತ. ಕೊನೆಗೆ ಕೊಡಲಿ ಇಳಿಯಿತು. ಕುರಿಗಾರ ತಮ್ಮನ ಕಂಬಳಿ ಎಳೆದುಕೊಂಡು, ಸೊಂಟದ ಹಗ್ಗ ಬಿಚ್ಚಿ ಅವನ ಕೈ ಕಟ್ಟಿದ. ಎತ್ತಿಗೆ ಹಾಕುವಂಥ ಬಿಗಿ ಗಂಟು, ಕುರಿಗೆ ಹಾಕುವುದಲ್ಲ. ಹುಮನಾಬಾದದ ಜೀಪು ಬಂದಾಗ ಇಬ್ಬರೂ ಅಕ್ಕಪಕ್ಕದಲ್ಲೇ ಕೂತಿದ್ದರು.

ಖಟ್ಲೆ ಬೀದರದ ಕೋರ್ಟಿನಲ್ಲಿ ನಡೆಯಿತು. ಮುಗಿದ ಮೇಲೆ ಕುರಿಗಾರ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ನಾನು ಬೆಲ್ಲ, ನೀರು ಕೊಟ್ಟೆ.

"ಫಾಶಿ ಆತ್ರಿ ಆಯಿ. ಗಲ್ಲಿಗಿ ಹಾಕ್ತಾರಂತ."

"ಸಮಾಧಾನ ಆತೇನಪಾ?" ಎಂದರು ಅತ್ತೆ.

"ಆಗ್ಯಾದ. ಸುಳ್ಳ ಯಾಕ ಹೇಳ್ಲಿ. ನಮ್ಮವ್ವ ಎರಡು ತುತ್ತು ಹೆಚ್ಚಿಗಿ ಉಂಡಾಳ." ನೀರು ಕುಡಿದು ಲೋಟ ಕೆಳಗಿಟ್ಟ. ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕಾರ, ನೀವು ಓದಿದವರು. ಹಾಕೋವಾಗ ಕುಂದ್ರಸಿ ಹಾಕ್ತಾರೋ, ನಿಂದ್ರಿಸಿ ಹಾಕ್ತಾರೋ?"

ನಾನು ಅತ್ತೆಯ ಮುಖ ನೋಡಿದೆ. "ನಿಲ್ಲಿಸಿ" ಎಂದೆ.

ಕುರಿಗಾರ ಖಾಲಿ ಲೋಟವನ್ನು ನನ್ನ ಕಡೆ ಸರಿಸಿದ.

"ಅವ ಏಳಂಗಿಲ್ರಿ" ಎಂದ. "ಯಾರರೆ ಹಿಡದ ಎತ್ತಬೇಕಾಗ್ತದ."