ಟ್ಯಾಂಕ್ ವ್ಯಾಗನ್ನಿನ ಬಿಳಿ ಅಕ್ಷರ

ಇವತ್ತು ಹಾಲು ಕಾಯಿಸಿದೆ, ರಾಗಿ ಕೇರಿ ಬಿಸಿಲಿಗೆ ಹರವಿದೆ, ಬಚ್ಚಲು ಉಜ್ಜಿದೆ, ಗ್ಯಾಸಿನವನಿಗೆ ಫೋನ್ ಮಾಡಿದೆ, ಬಾಗಿಲ ತಿರುಗಣೆಗೆ ಎಣ್ಣೆ ಬಿಟ್ಟೆ. ಹನ್ನೊಂದರ ಹೊತ್ತಿಗೆ ಕನಕಪುರದ ಬಸ್ಸಿಳಿದು ನನ್ನ ಒಡಹುಟ್ಟಿದ ಜಯಕ್ಕ ಬಂದಳು. ಹಳೆ ಸೀರೆಯ ತುಂಡು ಬಿಚ್ಚಿ, ಅಪ್ಪ ಮಾಡಿದ್ದ ಮರದ ಟ್ಯಾಂಕ್ ವ್ಯಾಗನ್ ನನ್ನ ಮುಂದಿಟ್ಟಳು. ಮೂಗಿಗೆ ಅರಗಿನ ವಾಸನೆ ಬಡಿಯಿತು. ನಲವತ್ತು ವರ್ಷ ಕಳೆದರೂ ಹೋಗದ ವಾಸನೆ.

ಚನ್ನಪಟ್ಟಣದ ನಮ್ಮ ಹಳೆ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಅಪ್ಪ ಮರದ ಆಟಿಕೆ ಕಡೆಯುವ ಲೇತ್ ಇತ್ತು. ವಾರವಿಡೀ ಗಿಲಕಿ, ಬುಗುರಿ. ಭಾನುವಾರ ಮಾತ್ರ ತನಗೆಂದು ಮರದ ಗೂಡ್ಸ್ ಗಾಡಿ. ಸ್ಟೇಷನ್ನಿನಲ್ಲಿ ನಿಂತ ಮೀಟರ್ ಗೇಜ್ ವ್ಯಾಗನ್ನುಗಳನ್ನು ಗೇಣು ಹಾಕಿ ಅಳೆದು, ಅವುಗಳ ಮೈಮೇಲಿನ ನಂಬರು, ತೂಕ ಎಲ್ಲವನ್ನೂ ಬೀಡಿ ಕಟ್ಟಿನ ಕಾಗದದ ಮೇಲೆ ಬರೆದುಕೊಂಡು ಬರುತ್ತಿದ್ದ. ತಿರುಗುವ ಹಾಲೆಮರಕ್ಕೆ ಕಪ್ಪು ಅರಗಿನ ಕಡ್ಡಿ ಒತ್ತಿದರೆ ಅದು ಬಿಸಿಗೆ ಕರಗಿ ಮರವನ್ನು ತಬ್ಬುತ್ತಿತ್ತು. ಆಮೇಲೆ ಎಣ್ಣೆ ಸವರಿದ ಕೇದಗೆ ಗರಿ ಹಿಡಿದು ಹೊಳಪು ಕೊಡುವುದು ನನ್ನ ಪಾಲಿನ ಕೆಲಸ. ಬಿಳಿ ಬಣ್ಣದಲ್ಲಿ ನಂಬರು, ಅಕ್ಷರ ಬರೆಯುವ ನಡುಪಟ್ಟಿಗೆ ಮಾತ್ರ ಗರಿ ತಾಗಿಸಬಾರದು; ನುಣುಪಾದ ಕಡೆ ಬಣ್ಣ ಕಚ್ಚುವುದಿಲ್ಲ. ಅಕ್ಷರ ಜಯಕ್ಕನದು. ಉಸಿರು ಹಿಡಿದು ಅವಳು ಬರೆಯುವಾಗ ಅಪ್ಪ ಹಿಂದೆ ನಿಂತು ನೊಣ ಓಡಿಸುತ್ತಿದ್ದ. ಬಂದವರಿಗೆಲ್ಲ, "ನೋಡ್ಲಾ, ನಮ್ ದೊಡ್ಡೋಳ ಕೈ. ಅಚ್ಚು ಹಾಕ್ದಂಗೈತೆ," ಎನ್ನುತ್ತಿದ್ದ. ಹೊಳಪು ಯಾರದೆಂದು ಒಬ್ಬರೂ ಕೇಳಲಿಲ್ಲ. ಆ ಕುಂಚ ಒಂದೇ ಒಂದು ಸಲ ನನ್ನ ಕೈಗೆ ಬರಲಿ ಎಂದು ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡೇ ಗರಿ ಉಜ್ಜುತ್ತಿದ್ದೆ.

ಒಂದು ಭಾನುವಾರ ಅಪ್ಪ ಟೀ ಕುಡಿಯಲು ಹೋದಾಗ, ಈ ವ್ಯಾಗನ್ನಿನ ನಡುಪಟ್ಟಿಗೂ ಎಣ್ಣೆಗರಿ ಎಳೆದುಬಿಟ್ಟೆ. ಜಯಕ್ಕ ಏನೂ ತಿಳಿಯದೆ ಬರೆದಳು. ಮೂರನೆಯ ದಿನ ಅವಳ ಬಿಳಿ ಅಕ್ಷರಗಳು ಮೀನಿನ ಹುರುಪೆಯ ಹಾಗೆ ಅಪ್ಪನ ಅಂಗೈಗೆ ಉದುರಿದವು. "ಬಣ್ಣ ಸರಿ ಇಲ್ಲ ಕಣವ್ವ, ಬುಡು," ಎಂದ. ಜಯಕ್ಕ ಮತ್ತೆ ಕುಂಚ ಹಿಡಿಯಲಿಲ್ಲ. ನನಗೆ ಯಾರೂ ಕೊಡಲೂ ಇಲ್ಲ.

ಇವತ್ತು ಆ ಬರಿ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಹೇಳಿದೆ: "ಅವತ್ತು ಈ ಪಟ್ಟಿಗೂ ಗರಿ ಉಜ್ಜಿದ್ದು ನಾನೇ ಕಣೆ."

"ಗೊತ್ತು ಕಣೆ," ಎಂದಳು ಜಯಕ್ಕ, ಎಲೆಗೆ ಸುಣ್ಣ ಹಚ್ಚುತ್ತಾ. "ಅಪ್ಪ ಅವತ್ತೇ ಹೇಳ್ಬುಟ್ಟ. ಚಿಕ್ಕೋಳು ಉಜ್ಬುಟ್ಟವ್ಳೆ, ನೀನು ಅರೀದಂಗಿರು ಅಂದ. ನಾವಿಬ್ರೂ ಎಷ್ಟು ಸಲ ನಕ್ಕಿಲ್ಲ ಹೇಳು!"

"ಮತ್ತೆ ಯಾಕೆ ಬರೆಯೋದು ಬುಟ್ಟೆ?"

"ನೀನು ಕೇಳ್ತೀಯ ಅಂತ ಕುಂಚ ಗೂಡಲ್ಲಿ ಮಡಗಿದ್ವಿ. ನಿನ್ ಬಾಯಿಗೇನಾಗಿತ್ತು?"

ಹಗುರಾಗಬೇಕಿತ್ತು ನಾನು. ಆಗಲಿಲ್ಲ. ಲೇತ್ ಹೋಯಿತು, ಮೀಟರ್ ಗೇಜ್ ಹಳಿ ಹೋಯಿತು, ಅಪ್ಪ ಹೋದ. ನನ್ನ ಕಳ್ಳತನದ ಮೇಲೆ ಅವರಿಬ್ಬರೇ ಕೂತು ನಕ್ಕ ಆ ನಗು ಮಾತ್ರ ಇವಳ ಬಳಿ ಉಳಿದಿದೆ. ನನ್ನ ಪಾಲಿಗೆ ಅದರಲ್ಲೊಂದು ಚೂರೂ ಇಲ್ಲ.

ಮಧ್ಯಾಹ್ನ ಮುದ್ದೆ, ಉಪ್ಸಾರು, ಒಂದೊಂದು ಬಾಳೆಹಣ್ಣು ತಿಂದೆವು. ಚಾಪೆ ಹಾಸಿದ್ದೇ ತಡ, ಮೊದಲು ನಿದ್ದೆ ಹೋದದ್ದು ಜಯಕ್ಕ; ಥೇಟ್ ಅಪ್ಪನ ಹಾಗೆ, ಮೊಣಕೈ ಕಣ್ಣಿಗೆ ಅಡ್ಡ ಇಟ್ಟುಕೊಂಡು. ನನಗೆ ಹಾಗೆ ಮಲಗಲು ಬರುವುದಿಲ್ಲ.