ಸವಣೂರಿನವರು ಬೇಡ ಎನ್ನಲಿಲ್ಲ

ನನ್ನ ದೊಡ್ಡ ಮೊಮ್ಮಗಳು ಮನಸ್ಸಿನ ವಿಜ್ಞಾನ ಓದಿ ಹಿಡಿದ ಕೆಲಸ ನನಗೆ ಒಂದು ದಿನವೂ ಸೇರಲಿಲ್ಲ. ಫೋನಿನ ಡೇಟಿಂಗ್ ಆ್ಯಪಿನಲ್ಲಿ ಹುಡುಗ ಹುಡುಗಿ ಪರಿಚಯವಾಗುತ್ತಾರಂತೆ. ನಾಲ್ಕು ದಿನ ಮಾತಾಡಿ ಒಬ್ಬರು ಸುಮ್ಮನಾಗಿಬಿಡುತ್ತಾರಂತೆ. ಹಾಗೆ ಮಾಯವಾಗದೆ ‘ಬೇಡ’ ಎಂದು ಮರ್ಯಾದೆಯಿಂದ ಹೇಳುವುದಕ್ಕೆ ಇವಳು ಮಾತು ಬರೆದುಕೊಡುತ್ತಾಳೆ. ಅದಕ್ಕೆ ಪಗಾರ ಬೇರೆ.

“ಬ್ಯಾಡ ಅನ್ನಾಕೂ ಸಾಲಿ ಕಲೀಬೇಕೇನ?” ಎಂದೆ.

“ಕಲೀಬೇಕು ಆಯಿ. ಬ್ಯಾಡ ಅಂದ್ರ ಒಂದ ಸಲ ನೋವು. ಸುಮ್ನ ಕುಂತ್ರ ದಿನಾ ನೋವು.”

“ಹುಚ್ಚು ಮಂದಿ, ಹುಚ್ಚು ಕಂಪನಿ.”

ಅವಳ ತಂಗಿ ಶಿಗ್ಗಾಂವಿಯಲ್ಲಿ ನನ್ನ ಹತ್ತಿರವೇ ಇರುವವಳು. ಅವಳನ್ನು ನೋಡಲು ಸವಣೂರಿನಿಂದ ಮಂದಿ ಬಂದರು. ಶಿರಾ ತಿಂದರು, ಹುಡುಗಿಯನ್ನು ನಡೆಸಿ ನೋಡಿದರು, ಹಾಡಿಸಿದರು. ಹೊರಡುವಾಗ ಹುಡುಗನ ತಾಯಿ, “ಊರಿಗೆ ಹೋಗಿ ತಿಳಸ್ತೇವ್ರಿ” ಎಂದಳು. ಆಮೇಲೆ ಸುದ್ದಿಯೇ ಇಲ್ಲ. ಹೆಣ್ಣಿನವರು ತಾವಾಗಿ ಕೇಳಿದರೆ ಹುಡುಗಿ ಅಗ್ಗವಾಗುತ್ತಾಳೆ ಎಂಬುದು ನಮ್ಮ ಕಡೆಯ ರೀತಿ. ಕಾದೆವು. ಫೋನ್ ಹೊಡೆದುಕೊಂಡರೆ ಸಾಕು, ಹುಡುಗಿ ಒಲೆಯ ಮುಂದಿನಿಂದ ಎದ್ದು ಓಡುವಳು. ಬರಬರುತ್ತ ಊಟವನ್ನೂ ಬಿಟ್ಟಳು.

ಈ ನಡುವೆ ಹಿರೇಕೆರೂರಿನವರೂ ತಮ್ಮ ಹುಡುಗನಿಗೆ ಇವಳನ್ನು ಕೇಳಿ ಕಳಿಸಿದ್ದರು. ನಾನು ಉತ್ತರ ಕೊಡಲಿಲ್ಲ. ಸವಣೂರಿನವರದು ಪೇಟೆಯಲ್ಲಿ ಅಂಗಡಿ. ಮೊದಲು ಅದೊಂದು ತಿಳಿಯಲಿ ಎಂದು ಇವರನ್ನು ಹಾಗೇ ಇಟ್ಟಿದ್ದೆ.

ರಜೆಗೆ ಬಂದ ದೊಡ್ಡವಳು ಗಂಟುಬಿದ್ದಳು. “ಸವಣೂರಿಗೆ ನೇರ ಫೋನ್ ಹಚ್ಚಿ ಕೇಳು ಆಯಿ. ತಂಗಿ ಮಾರಿ ನೋಡೀಯೇನ?”

“ನಿನ್ನ ಕಂಪನಿ ಬುದ್ಧಿ ಕಂಪನ್ಯಾಗ ಇಟ್ಕೋ. ಹೆಣ್ಣಿನವ್ರು ಕೇಳೂದಿಲ್ಲ.”

ಮುಂದಿನ ವಾರ ಸವಣೂರು ಪೇಟೆಯಲ್ಲಿ, ಎಲೆ ಅಂಗಡಿಯ ಮುಂದೆ, ಆ ಹುಡುಗನ ತಾಯಿಯೇ ಸಿಕ್ಕಳು. ಹಲ್ಲು ಕಿಸಿದು, “ಇನ್ನೂ ಮಾತಾಡಾಕತ್ತೇವ್ರಿ” ಎಂದಳು.

ನನ್ನ ಮೈ ಉರಿಯಿತು. “ಏನ್ ಮಾತಾಡ್ತೀರಿ ಇಷ್ಟ ದಿನಾ? ತಿಂದ ಶಿರಾ ಗಂಟಲದಾಗ ಸಿಕ್ಕೊಂಡೈತೇನು? ಬ್ಯಾಡಾದ್ರ ಬ್ಯಾಡ ಅನ್ರಿ!”

ಅಂಗಡಿಯವನು ಎಲೆ ಎಣಿಸುವುದನ್ನು ಬಿಟ್ಟು ನೋಡಿದ. ಅವಳು ಸೆರಗು ಸರಿಮಾಡಿಕೊಂಡು, “ಹುಡುಗಿ ಬಣ್ಣ ಒಂದೀಟ ಕಡಿಮಿ ಅನಸ್ತ್ರಿ” ಎಂದಳು.

“ಅವತ್ತ ಕಣ್ಣ ಮನ್ಯಾಗ ಬಿಟ್ಟ ಬಂದಿದ್ರೇನು?” ಎಂದು ಅಲ್ಲಿಂದ ಬಂದೆ.

ಮನೆಗೆ ಬಂದು ಇಬ್ಬರ ಎದುರಿಗೇ ಹಿರೇಕೆರೂರಿಗೆ ಫೋನ್ ಹಚ್ಚಿಸಿದೆ. ಎತ್ತಿದವನು ಹುಡುಗನ ಅಪ್ಪ. ದನಿ ದೊಡ್ಡದು, ಮನೆಗೆಲ್ಲ ಕೇಳಿತು.

“ಅವ್ವಾರ, ನಿಮ್ಮ ದಾರಿ ನೋಡಿ ನೋಡಿ ಸಾಕಾತ್ರಿ. ರಟ್ಟೀಹಳ್ಳಿ ಹುಡುಗಿನ್ನ ಗೊತ್ತ ಮಾಡಿದ್ವಿ. ಬ್ಯಾಡ ಅಂದಿದ್ರೂ ನಮಗ ಬ್ಯಾಸರ ಇರ್ಲಿಲ್ಲ. ಹೌದೂ ಅನ್ಲಿಲ್ಲ, ಅಲ್ಲಾನೂ ಅನ್ಲಿಲ್ಲ ನೀವು.”

ಫೋನ್ ಇಟ್ಟೆ. ದೊಡ್ಡವಳು ನನ್ನನ್ನೇ ನೋಡುತ್ತಿದ್ದಳು.

“ನನ್ನ ಮಾರಿ ಏನ್ ನೋಡ್ತಿ? ಎದ್ದು ರೊಟ್ಟಿ ಬಡಿ” ಎಂದೆ.

ಸಣ್ಣವಳು ಮಾತ್ರ, “ಈ ಮಂದಿ ಚಲೋ ಇದ್ರು ಆಯಿ, ಬಾಯಿಬಿಟ್ಟು ಹೇಳಿದ್ರು” ಎಂದವಳೇ ತಾಟು ಹಾಕಿಕೊಂಡು ಊಟಕ್ಕೆ ಕುಳಿತಳು. ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡಳು. ನನಗೆ ತುತ್ತು ಇಳಿಯಲಿಲ್ಲ.